ನ್ಯೂಯಾರ್ಕಿನ ಅಡತಿ ಅಂಗಡಿ

ಚನ್ನಬಸಮ್ಮನಿಗೆ ಪಠ್ಯಪುಸ್ತಕದ ಮೇಲೆ ಸಿಟ್ಟು ಬಂದದ್ದು ಹತ್ತಿಯ ದೆಸೆಯಿಂದ. ಅವಳು ಪಾಠ ಮಾಡಬೇಕಿದ್ದ ಎಂಟನೇ ತರಗತಿಯ ಆ ದಪ್ಪ ಪುಸ್ತಕದಲ್ಲಿ ಅಮೆರಿಕದ ಗುಲಾಮಗಿರಿಯ ಅಧ್ಯಾಯ ಬಲು ಅಚ್ಚುಕಟ್ಟಾಗಿತ್ತು. ದಕ್ಷಿಣದಲ್ಲಿ ಗುಲಾಮರಿದ್ದರು, ಉತ್ತರದಲ್ಲಿ ಇರಲಿಲ್ಲ. ದಕ್ಷಿಣದವರು ಹತ್ತಿ ಬೆಳೆದರು, ಉತ್ತರದವರು ಕಾರ್ಖಾನೆ ಕಟ್ಟಿದರು. ಆಮೇಲೆ ಯುದ್ಧವಾಯಿತು, ಒಳ್ಳೆಯವರು ಗೆದ್ದರು. ಅಲ್ಲಾ, ಅಷ್ಟೊಂದು ಹತ್ತಿ ಬೆಳೆದು ಅದನ್ನೇನು ಪಲ್ಯ ಮಾಡಿಕೊಂಡು ತಿಂದರೇ ಎಂದು ಅವಳು ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತು ಕೇಳಿದಳು. ಕೇಳಿದ್ದು ಪುಸ್ತಕವನ್ನೇ. ಪುಸ್ತಕ ಮುಂದಿನ ಪುಟಕ್ಕೆ ಹೋಗು ಎನ್ನುವ ಹಾಗೆ ಸುಮ್ಮನೆ ಬಿದ್ದಿತ್ತು.

ಪ್ರಶ್ನೆ ಎಲ್ಲಿಂದಲೋ ಉದುರಿದ್ದಲ್ಲ. ಅವಳ ತಂದೆ ಗದಗಿನ ಹತ್ತಿ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ನಡೆಸಿದವರು. ಬೆಳೆದವನಿಗೂ ಗಿರಣಿಯವನಿಗೂ ನಡುವೆ ಗಾದಿ ಹಾಕಿಕೊಂಡು ಕೂತು, ಬಿತ್ತುವಾಗ ಮುಂಗಡ ಕೊಟ್ಟು, ಬೆಳೆ ಬಂದಾಗ ಕಮಿಷನ್ ಹಿಡಿದು ಮಾರಿಸಿಕೊಡುವ ಅಂಗಡಿ ಅದು. ಹತ್ತಿ ಎಂದರೆ ಬರೀ ಹೊಲವಲ್ಲ, ಹೊಲದ ಹಿಂದೆ ಅಡತಿ, ಅಡತಿಯ ಹಿಂದೆ ಬ್ಯಾಂಕು, ಆಮೇಲೆ ಗೋದಾಮು, ಲಾರಿ, ವಿಮೆ, ಗಿರಣಿ, ಹೀಗೆ ಒಂದರ ಸೆರಗು ಇನ್ನೊಂದು ಹಿಡಿದುಕೊಂಡೇ ಇರುತ್ತವೆ ಎನ್ನುವುದು ಲಂಗ ಉಡುವ ವಯಸ್ಸಿನಲ್ಲೇ ಅವಳಿಗೆ ಗೊತ್ತಿತ್ತು. ಹಾಗಿದ್ದ ಮೇಲೆ ಅಮೆರಿಕದ ದಕ್ಷಿಣದ ಹತ್ತಿಗೂ ಒಂದು ಅಡತಿ ಅಂಗಡಿ ಇದ್ದಿರಲೇಬೇಕಲ್ಲ? ಅದು ಯಾವ ಊರಲ್ಲಿತ್ತು?

ಹುಡುಕಲು ದೂರ ಹೋಗಬೇಕಾಗಿ ಬರಲಿಲ್ಲ. ಅವಳ ಮನೆಯಿದ್ದ ಮನ್ರೋ ಊರಿನ ಲೈಬ್ರರಿಯಲ್ಲಿ ಕೂತಲ್ಲೇ ಸಿಕ್ಕಿತು. ಆ ಅಡತಿ ಅಂಗಡಿ ನ್ಯೂಯಾರ್ಕಿನಲ್ಲಿತ್ತು. ತೋಟದ ಮಾಲೀಕರಿಗೆ ಮುಂಗಡ ಕೊಟ್ಟವರು ಅಲ್ಲಿಯ ಬ್ಯಾಂಕಿನವರು, ಹತ್ತಿ ಹೊತ್ತ ಎಷ್ಟೋ ಹಡಗು ಅಲ್ಲಿಯವರದು, ಆ ಹಡಗಿಗೂ ಸರಕಿಗೂ ಕೆಲವೊಮ್ಮೆ ಗುಲಾಮರ ಜೀವಕ್ಕೂ ವಿಮೆ ಬರೆದುಕೊಟ್ಟವರು ಅಲ್ಲಿಯವರು. ಪಕ್ಕದಲ್ಲೇ ಇದ್ದ, ಅವಳು ಮನೆ ಮಾಡಿಕೊಂಡಿದ್ದ ನ್ಯೂಜರ್ಸಿಯೇನು ಕಮ್ಮಿಯೇ? ಇಲ್ಲಿಯ ನ್ಯೂಅರ್ಕ್ ಪಟ್ಟಣದಲ್ಲಿ ಮಾಡಿದ ಬೂಟು, ಕುದುರೆ ಜೀನು, ಗಾಡಿಗಳು ದಕ್ಷಿಣಕ್ಕೆ ಹೋಗುತ್ತಿದ್ದವು. ಗುಲಾಮರ ಕಾಲಿಗೆಂದೇ ಹೊಲಿದ ಒರಟು ಬೂಟುಗಳೂ ಅದರಲ್ಲಿದ್ದವು. ನ್ಯೂಜರ್ಸಿಯ ಕಾನೂನು ಕೊನೆಯ ಗುಲಾಮರಿಗೆ 'ಅಪ್ರೆಂಟಿಸ್' ಎಂದು ಹೆಸರು ಬದಲಿಸಿ, ಯುದ್ಧದ ಹೊತ್ತಿಗೂ ಕೆಲವರನ್ನು ದುಡಿಸಿಕೊಳ್ಳುತ್ತಲೇ ಇತ್ತು. ಇನ್ನೊಂದು ಪುಸ್ತಕದಲ್ಲಿ ಧಾರವಾಡದ ಹೆಸರು ಕಂಡಾಗಲಂತೂ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಕಂಪನಿ ಸರ್ಕಾರದ ಕಾಲದಲ್ಲಿ ಅಮೆರಿಕದ ಹತ್ತಿಬೀಜವನ್ನು ತಂದು ಬಿತ್ತಿಸಿದ್ದು ಅವಳ ಸೀಮೆಯಲ್ಲೇ ಅಂತೆ! ಎದುರಿಗೆ ಕೂತು ಪೇಪರ್ ಓದುತ್ತಿದ್ದ ಮುದುಕನಿಗೆ ಇದನ್ನು ಹೇಳದೆ ಅವಳಿಗೆ ತಡೆಯಲಾಗಲಿಲ್ಲ. ಆತ ವೆರಿ ಇಂಟರೆಸ್ಟಿಂಗ್ ಎಂದು ಪುಟ ಮಗುಚಿದ.

ಈಗ ಅವಳ ಕೆಲಸದ ಮಾತು. ಗಂಡ ಅಮರೇಶ್ವರ ಪ್ರೋಗ್ರಾಮರು. ಅವನ ವೀಸಾದ ಬಾಲ ಹಿಡಿದು ಬಂದ ಚನ್ನಬಸಮ್ಮ, ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು, ಕೆಲಸ ಮಾಡುವ ಹಕ್ಕಿಲ್ಲದೆ ವರ್ಷಗಟ್ಟಲೆ ಮನೆಯಲ್ಲಿ ಕೂತು ಕಿಟಕಿಯಿಂದ ಸ್ಕೂಲ್ ಬಸ್ಸು ನೋಡಿದ್ದಳು. ಗ್ರೀನ್ ಕಾರ್ಡು ಬಂದ ಮೇಲೆ ರಾತ್ರಿ ತರಗತಿಗೆ ಹೋಗಿ ಟೀಚರ್ ಸರ್ಟಿಫಿಕೇಟು ಹಿಡಿದಳು. ಟ್ರೆಂಟನ್ ಕಡೆಯ ಒಂದು ಊರಿನ ಮಿಡಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಇದು ಮೊದಲ ವರ್ಷ. ಪ್ರಿನ್ಸಿಪಾಲ್ ಕ್ವಿನ್ ಅವರು ಹಿಂದಿನ ಬೆಂಚಿನಲ್ಲಿ ಕೂತು ಅವಳ ಪಾಠ ನೋಡಿ, ಸೈ ಎಂದರೆ ಮುಂದಿನ ವರ್ಷಕ್ಕೆ ಕಾಂಟ್ರಾಕ್ಟು. ಇಲ್ಲವಾದರೆ ಮತ್ತೆ ಕಿಟಕಿ. ಅತ್ತ ಎರಡು ಸಾವಿರನೇ ಇಸವಿ ಹುಟ್ಟಿ, ಕಂಪ್ಯೂಟರುಗಳು ಕೆಡದೆ ಉಳಿದು, ಕೆಡುತ್ತವೆಂದು ನಂಬಿ ಅಮರೇಶ್ವರನಿಗೆ ಕೆಲಸ ಕೊಟ್ಟಿದ್ದ ಕಂಪನಿ ಅವನನ್ನು ಮನೆಗೆ ಕಳಿಸಿತ್ತು. ಮನೆಮಂದಿಯ ಹೆಲ್ತ್ ಇನ್ಶೂರೆನ್ಸ್ ಈಗ ನಿಂತಿದ್ದದ್ದು ಅವಳ ಕೆಲಸದ ಮೇಲೆ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಆ ಕೆಲಸದ ಮೇಲೆ ಜೀವವಿತ್ತು. ಉದ್ದದ ಹೆಸರು ಬಾಯಿಗೆ ಬಾರದೆ ಮಕ್ಕಳು 'ಮಿಸಸ್ ಬಿ' ಎಂದು ಕರೆದರೆ ಹೊಟ್ಟೆಯೊಳಗೆ ಖುಷಿ ಆಡುತ್ತಿತ್ತು.

ಪ್ರಿನ್ಸಿಪಾಲರು ಬರುವ ಶುಕ್ರವಾರಕ್ಕೇ ಅವಳು ಈ ಪಾಠ ಇಟ್ಟುಕೊಂಡಳು. ತರಗತಿಯನ್ನೇ ಅಡತಿ ಅಂಗಡಿ ಮಾಡುವುದು. ಒಂದು ಟೇಬಲ್ಲಿಗೆ ನ್ಯೂಯಾರ್ಕಿನ ಸಾಹುಕಾರರು, ಒಂದಕ್ಕೆ ಹಡಗಿನವರು, ಒಂದಕ್ಕೆ ವಿಮೆಯವರು, ಒಂದಕ್ಕೆ ನ್ಯೂಅರ್ಕಿನ ಬೂಟಿನವರು. ಪ್ರತಿಯೊಬ್ಬರಿಗೂ ಹೆಸರು, ಮಾತು, ಲಾಭ. ಯಾರು ಯಾರಿಂದ ಏನು ಪಡೆದರು ಎಂದು ಟೇಬಲ್ಲಿನಿಂದ ಟೇಬಲ್ಲಿಗೆ ದಾರ ಕಟ್ಟುತ್ತಾ ಹೋಗಬೇಕು. ಕೊನೆಯ ಒಂದು ಟೇಬಲ್ಲು ಖಾಲಿ ಉಳಿಯಿತು. ಅಲ್ಲಿ ಏನಿಡುವುದೆಂದು ಯೋಚಿಸುತ್ತಿದ್ದಾಗ ಅವಳ ಕಣ್ಣು ಅತ್ತೆಯ ದಿಂಬಿನ ಮೇಲೆ ಬಿತ್ತು.

ಅತ್ತೆ ವೀರಬಸಮ್ಮ ಅಣ್ಣಿಗೇರಿಯಿಂದ ಆರು ತಿಂಗಳಿಗೆಂದು ಬಂದಿದ್ದರು. ಅಂಗಡಿಯ ಅರಳೆಯಲ್ಲಿ ಹೊಸೆದ ಬತ್ತಿ ದೇವರಿಗೆ ಸಲ್ಲದು, ಮನೆಯ ಹೊಲದ್ದೇ ಆಗಬೇಕು ಎನ್ನುವ ಹಟದವರು. ಕಾಳು ತೆಗೆಯದ ಹತ್ತಿಯನ್ನು ಒಂದು ದಿಂಬಿಗೆ ತುಂಬಿಕೊಂಡು, ಕುತ್ತಿಗೆ ನೋವಿನ ಮುದುಕಿಯಂತೆ ಅದಕ್ಕೆ ಒರಗಿಕೊಂಡೇ ವಿಮಾನ ಇಳಿದಿದ್ದರು. ಕಸ್ಟಮ್ಸಿನವರು ಪಾಪ ದಾರಿ ಬಿಟ್ಟುಕೊಟ್ಟಿದ್ದರು. ದಿನಾ ಸಂಜೆ ಸ್ಟೀಲ್ ತಟ್ಟೆ ಮುಂದಿಟ್ಟುಕೊಂಡು, ಕಾಳು ಬಿಡಿಸಿ, ಎಳೆ ಎಳೆದು, ಬತ್ತಿ ಹೊಸೆಯುತ್ತಾ ಅವರು ಊರ ಸುದ್ದಿ ಹೇಳುತ್ತಿದ್ದರು. ಚನ್ನಬಸಮ್ಮನೂ ಪಕ್ಕದಲ್ಲಿ ಕೂತು ಕೈಹಚ್ಚುತ್ತಿದ್ದಳು. ಇಡೀ ದಿನದಲ್ಲಿ ಅವಳಿಗೆ ಸಮಾಧಾನವೆನ್ನಿಸುತ್ತಿದ್ದ ಹೊತ್ತು ಅದೇ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಬತ್ತಿ ಹೊಸೆಯುವವಳ ತಲೆಯೊಳಗೇ ಅದು ಕವಿದಿತ್ತು. ಕೊನೆಯ ಟೇಬಲ್ಲಿಗೆ ಹತ್ತಿ ಇಟ್ಟರಾಯಿತು, ಕಾಳು ಬಿಡಿಸುವುದು ಎಷ್ಟು ನಾಜೂಕಿನ ಕೆಲಸವೆಂದು ಮಕ್ಕಳಿಗೆ ಕೈಯಾರೆ ತಿಳಿಯಲಿ ಎಂದುಕೊಂಡಳು. ಅದನ್ನು ಚಂದದ ತಟ್ಟೆಯಲ್ಲಿ ಜೋಡಿಸಿಕೊಂಡೂ ಹೋದಳು.

ಪಾಠ ಹೂವಿನ ಹಾಗೆ ಅರಳಿತು. ಸಾಹುಕಾರನಾದ ಹುಡುಗ ಗತ್ತಿನಿಂದ ಮುಂಗಡ ಕೊಟ್ಟ, ಬೂಟಿನವರು ಚೌಕಾಶಿ ಮಾಡಿದರು, ಕ್ವಿನ್ ಅವರು ಹಿಂದೆ ಕೂತು ತಲೆದೂಗುತ್ತಾ ಬರೆದುಕೊಂಡರು. ಕೊನೆಯ ಟೇಬಲ್ಲು ಚೀಟಿಯಲ್ಲಿ ಬಂದದ್ದು ಇಮಾನಿ ಬೇಟ್ಸ್ ಎಂಬ ಹುಡುಗಿ ಇದ್ದ ಗುಂಪಿಗೆ. ಆ ತರಗತಿಯಲ್ಲಿದ್ದ ಮೂರು ನಾಲ್ಕು ಕರಿಯ ಮಕ್ಕಳಲ್ಲಿ ಅವಳೊಬ್ಬಳು, ಇಡೀ ವರ್ಷ ಅತಿ ಒಳ್ಳೆಯ ಪ್ರಶ್ನೆಗಳನ್ನು ಕೇಳಿದವಳು. ಚನ್ನಬಸಮ್ಮ ಪ್ರಸಾದ ಕೊಡುವವಳಂತೆ ಎರಡೂ ಕೈಯಲ್ಲಿ ಹತ್ತಿ ಹಿಡಿದು ಅವಳ ಮುಂದೆ ಚಾಚಿದಳು. ಇಮಾನಿ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. ನಾಚಿಕೆ ಇರಬೇಕೆಂದು ತಿಳಿದು ಚನ್ನಬಸಮ್ಮ, ತಗೋ, ಬಹಳ ಹಿತವಾದ ಕೆಲಸ, ನಮ್ಮ ಮನೆಯಲ್ಲಿ ಮಾತಾಡುತ್ತಾ ಮಾಡುತ್ತೇವೆ ಎಂದು ನಕ್ಕಳು. ಹಿಂದೆಲ್ಲೋ ಒಬ್ಬ ಹುಡುಗ ಕಿಸಕ್ಕೆಂದ. ನೋ ಥ್ಯಾಂಕ್ಯೂ ಮಿಸಸ್ ಬಿ ಎಂದಳು ಇಮಾನಿ, ತಲೆ ಎತ್ತದೆ. ಕ್ವಿನ್ ಅವರ ಪೆನ್ನು ನಿಂತದ್ದನ್ನು ಚನ್ನಬಸಮ್ಮ ನೋಡಲಿಲ್ಲ.

ಸಂಜೆ ಚಹಾ ಕುಡಿಯುತ್ತಾ ಎಲ್ಲವನ್ನೂ ಗಂಡನಿಗೆ ವರ್ಣಿಸಿದಳು. ಒಬ್ಬ ಹುಡುಗಿ ಮಾತ್ರ ಯಾಕೋ ಹತ್ತಿ ಮುಟ್ಟಲಿಲ್ಲ ನೋಡು ಎಂದಳು. ಯಾವ ಹುಡುಗಿ ಎಂದು ಅಮರೇಶ್ವರ ಕೇಳಿದ. ಇಮಾನಿ ಅಂತ, ಕರಿಯರ ಹುಡುಗಿ, ಭಾಳ ಶಾಣ್ಯಾ ಎನ್ನುತ್ತಾ ಎನ್ನುತ್ತಾ ಚನ್ನಬಸಮ್ಮನ ಬಾಯಿ ಅಲ್ಲೇ ಕಟ್ಟಿತು. ಅಮೆರಿಕದಲ್ಲಿ ಒಂದು ಕರಿಯ ಕೂಸಿನ ಕೈಗೆ ಹತ್ತಿ ಕೊಟ್ಟು, ಎಲ್ಲರೆದುರಿಗೆ ಕಾಳು ಬಿಡಿಸು ಎಂದಿದ್ದಳು. ಅದೂ ಗುಲಾಮಗಿರಿಯ ಪಾಠದ ದಿನ, ನಗುನಗುತ್ತಾ. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಫೋನ್ ಬರುವುದು ತಡವಾಗಲಿಲ್ಲ. ಇಮಾನಿಯ ತಾಯಿ ಬರುತ್ತಾರೆ, ಸೋಮವಾರ ಮಾತಾಡೋಣ ಎಂದರು ಕ್ವಿನ್. ಶನಿವಾರ ಭಾನುವಾರ ಎರಡೂ ದಿನ ಅಮರೇಶ್ವರ ಹೇಳಿದ್ದು ಒಂದೇ ಮಾತು.

"ಸಾರಿ ಅಂದು ಮುಗಿಸಿಬಿಡು ಚನ್ನೀ. ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನು. ನಮಗ ಈಗ ಈ ಕೆಲಸ ಬೇಕು."

ಸೋಮವಾರ ಆಫೀಸಿನಲ್ಲಿ ಇಮಾನಿಯ ತಾಯಿ ಲೊರೇನ್ ಬೇಟ್ಸ್ ಮೊದಲೇ ಬಂದು ಕೂತಿದ್ದರು. ನ್ಯೂಯಾರ್ಕಿನ ಒಂದು ವಿಮಾ ಕಂಪನಿಯಲ್ಲಿ ಅಧಿಕಾರಿ; ದಿನಾ ರೈಲಿನಲ್ಲಿ ಹೋಗಿಬರುವವರು, ಆ ದಿನ ರಜೆ ಹಾಕಿ ಬಂದಿದ್ದರು. ಯಾರೂ ಬಾಯಿ ತೆರೆಯುವ ಮುಂಚೆ ಚನ್ನಬಸಮ್ಮ ತಾನು ಮಾಡಿದ್ದು ತಪ್ಪೆಂದು ಹೇಳಿದಳು. ನನ್ನ ದೇಶದಲ್ಲಿ ಹಾಗೆ ಹೀಗೆ ಎಂಬ ಒಂದು ನೆವವನ್ನೂ ಹೇಳಲಿಲ್ಲ.

ಕ್ವಿನ್ ಅವರಿಗೆ ನೆವ ಬೇಕಾಗಿತ್ತು. ಮಿಸಸ್ ಬಿ ಅವರ ಸಂಸ್ಕೃತಿಯಲ್ಲಿ ಹತ್ತಿ ಪವಿತ್ರ, ಇದೊಂದು ತಿಳಿವಳಿಕೆಯ ದೋಷ ಎಂದು ಅವರೇ ಹೇಳಿದರು. ಇನ್ನು ಈ ಪಾಠವನ್ನೇ ಕೈಬಿಡೋಣ. ನ್ಯೂಯಾರ್ಕು, ನ್ಯೂಅರ್ಕು, ಬೂಟು, ವಿಮೆ ಯಾವುದೂ ಬೇಡ. ಬೇರೆ ತಂದೆತಾಯಿಗಳೂ ನಮ್ಮ ರಾಜ್ಯದ ಮರ್ಯಾದೆ ತೆಗೆದರು ಅನ್ನುತ್ತಿದ್ದಾರೆ. ಪುಸ್ತಕದಲ್ಲಿ ಇದ್ದಷ್ಟು ಮಾಡಿದರೆ ಸಾಕು. ಗುರುವಾರ ಇನ್ನೊಮ್ಮೆ ಬಂದು ಪಾಠ ನೋಡುತ್ತೇನೆ, ಎಲ್ಲಾ ಸರಿಹೋಗುತ್ತದೆ ಎಂದು ಮುಗುಳ್ನಕ್ಕರು. ಆ ನಗೆಯೊಳಗೆ ಕಾಂಟ್ರಾಕ್ಟು ಇಣುಕುತ್ತಿತ್ತು. ಎಂಥ ಸುಲಭದ ದಾರಿ! ಒಂದು ಹೂಂ ಅಂದರೆ ಸಾಕಿತ್ತು.

ಆಗ ಮಾತಾಡಿದ್ದು ಲೊರೇನ್.

"ನಾನು ಬಂದದ್ದು ನನ್ನ ಮಗಳ ಕೈಗೆ ಕೊಟ್ಟ ಹತ್ತಿಯ ವಿಷಯಕ್ಕೆ. ಪಾಠ ನಿಲ್ಲಿಸಿ ಅಂತ ನಾನೆಲ್ಲಿ ಹೇಳಿದೆ? ಶುಕ್ರವಾರ ಮಗಳು ಪಾಠದ ಸುದ್ದಿ ಹೇಳಿದಾಗಿನಿಂದ, ನಮ್ಮ ಆಫೀಸಿನ ಹಳೆಯ ಪಾಲಿಸಿಗಳಲ್ಲಿ ಏನಿರಬಹುದು ಅನ್ನೋ ಪ್ರಶ್ನೆ ನನ್ನ ತಲೆಗೇ ಹೊಕ್ಕಿದೆ."

ಆಮೇಲೆ ಅವರು ಚನ್ನಬಸಮ್ಮನ ಕಡೆ ತಿರುಗಿ, ನಿಮ್ಮ ಅಂಗಡಿಯಲ್ಲಿ ಸಾಹುಕಾರನಿಗೆ ಹೆಸರಿತ್ತು, ಕ್ಯಾಪ್ಟನ್ನಿಗೆ ಹೆಸರಿತ್ತು, ಬೂಟು ಹೊಲಿದವನಿಗೂ ಮಾತಿತ್ತು. ಹತ್ತಿ ಬಿಡಿಸಿದವರಿಗೆ ಮಾತ್ರ ಹೆಸರೂ ಇರಲಿಲ್ಲ, ಮಾತೂ ಇರಲಿಲ್ಲ, ಬರೀ ಕೈ ಇತ್ತು, ಅದು ಗಮನಕ್ಕೆ ಬಂತೇ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಚನ್ನಬಸಮ್ಮನಿಗೆ ಗಮನಕ್ಕೆ ಬಂದಿರಲಿಲ್ಲ. ಬಂದಿರಲಿಲ್ಲ ಎಂದೇ ಹೇಳಿದಳು. ಕ್ವಿನ್ ಅವರು ಗಡಿಯಾರ ನೋಡಿ, ಗುರುವಾರ ಪುಸ್ತಕದ ಪಾಠ ಎಂದು ಇನ್ನೊಮ್ಮೆ ನೆನಪಿಸಿದರು. ಅವಳು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಗುರುವಾರ ಕ್ವಿನ್ ಅವರು ಹಿಂದಿನ ಬೆಂಚಿನಲ್ಲಿ ಕೂತರು. ಚನ್ನಬಸಮ್ಮ ಪುಸ್ತಕ ತೆರೆಯಲಿಲ್ಲ. ಮೊದಲು ಇಮಾನಿಯ ಕಡೆ ತಿರುಗಿ, ಎಲ್ಲರೆದುರಿಗೆ ಮಾಡಿದ ತಪ್ಪಿಗೆ ಎಲ್ಲರೆದುರಿಗೇ ಕ್ಷಮೆ ಕೇಳಿದಳು. ಆಮೇಲೆ ಹೋದ ವಾರದ ದಾರವನ್ನು ತೆಗೆದು ಮತ್ತೆ ಕಟ್ಟತೊಡಗಿದಳು. ಈ ಸಲ ಅವಳು ಶುರುಮಾಡಿದ್ದು ಕೊನೆಯ ಟೇಬಲ್ಲಿನಿಂದ. ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ ಜನ ತಾವೇ ಹೇಳಿದ ಮಾತುಗಳನ್ನು ಲೈಬ್ರರಿಯಿಂದ ತಂದಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಅವರ ಹೆಸರು ಹೇಳಿ, ಅವರ ಮಾತು ಓದಿದರು. ಅಲ್ಲಿಂದ ದಾರ ಹೊರಟು ಹಡಗಿಗೆ, ವಿಮೆಗೆ, ನ್ಯೂಅರ್ಕಿಗೆ ಬಂತು. ಕ್ವಿನ್ ಅವರು ಕೈಕಟ್ಟಿ ಕೂತಿದ್ದರು. ಕೆಲಸ ಹೋಯಿತು ಎಂದು ಅವಳು ಮನಸ್ಸಿನಲ್ಲೇ ಬರೆದುಕೊಂಡಳು, ಆದರೂ ಪಾಠ ನಿಲ್ಲಿಸಲಿಲ್ಲ.

ಆಗ ಇಮಾನಿ ಕೈ ಎತ್ತಿದಳು. ಆ ಕೈ ಕಂಡು ಚನ್ನಬಸಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಮಿಸಸ್ ಬಿ, ನೀವು ಮೊನ್ನೆ ತಂದ ಹತ್ತಿ ಇತ್ತಲ್ಲ. ಗಿಡದಿಂದ ಅದನ್ನ ಬಿಡಿಸಿದ್ದು ಯಾರು?"

ಕುಹಕವೇನೂ ಇರಲಿಲ್ಲ. ತಿಳಿಯಬೇಕೆಂದು ಕೇಳಿದ್ದು. ನಮ್ಮ ಅತ್ತೆಯ ಹೊಲದ್ದು ಎಂದಳು ಚನ್ನಬಸಮ್ಮ. ಹೊಲ ಯಾರದೆಂದು ನಾನು ಕೇಳಲಿಲ್ಲ ಎಂದಳು ಇಮಾನಿ. ಇಡೀ ತರಗತಿ ಟೀಚರ ಮುಖ ನೋಡಿತು. ಹತ್ತಿಯ ಮಾರುಕಟ್ಟೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದೊಂದು ಗೊತ್ತಿರಲಿಲ್ಲ. ಗೊತ್ತಿಲ್ಲ, ಈಗಲೇ ಕೇಳೋಣ ಎಂದು ಅವಳು ಗೋಡೆಯ ಫೋನಿಗೆ ಹೋದಳು. ಸ್ಪೀಕರ್ ಒತ್ತಿ ಮನೆಗೆ ಹಚ್ಚಿದಳು. ಮಕ್ಕಳು ಕುರ್ಚಿಗಳ ತುದಿಗೆ ಬಂದರು.

ವೀರಬಸಮ್ಮ ಫೋನೆತ್ತಿ, ಯಾರಿಗೇನಾತು ಎಂದು ಗಾಬರಿಯಾದರು. ಏನೂ ಆಗಿಲ್ಲ ಅತ್ತೀ, ದಿಂಬಿನ್ಯಾಗಿನ ಹತ್ತಿ ಬಿಡಿಸಿದವ್ರು ಯಾರು ಎಂದು ಸೊಸೆ ಕೇಳಿದಳು.

"ಯಾರಂದ್ರ? ಆಳಿನ ಹೆಣಮಕ್ಕಳು. ಯಾರೋ ನಾಕ ಮಂದಿ ಬಂದಿದ್ರು. ಅವರ ಹೆಸರು ಯಾರಿಗ್ಗೊತ್ತವಾ?"

ಕನ್ನಡ ಬಲ್ಲವರು ಆ ಕೋಣೆಯಲ್ಲಿ ಮತ್ತಾರೂ ಇರಲಿಲ್ಲ. ಗಂಗವ್ವ, ಯಲ್ಲವ್ವ, ದ್ಯಾಮವ್ವ ಎಂದು ಬಾಯಿಗೆ ಬಂದ ಹೆಸರು ಹೇಳಿದ್ದರೆ ಮಕ್ಕಳು ಬರೆದುಕೊಳ್ಳುತ್ತಿದ್ದರು, ಪಾಠ ಚಂದವಾಗಿ ಮುಗಿಯುತ್ತಿತ್ತು, ಹಿಂದೆ ಕೂತ ಸಾಹೇಬರೂ ಮೆಚ್ಚುತ್ತಿದ್ದರೇನೋ. ಹೆಸರುಗಳು ನಾಲಿಗೆಯ ತುದಿಗೆ ಬಂದೂ ಬಂದವು. ಚನ್ನಬಸಮ್ಮ ಅವನ್ನು ನುಂಗಿದಳು.

"ಯಾರೋ ಕೂಲಿಯವರು ಅಂತಾರೆ. ಅವರ ಹೆಸರು ನಮ್ಮತ್ತೆಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಇವತ್ತಿನವರೆಗೆ ನಾನು ಕೇಳಿಯೂ ಇಲ್ಲ."

ಅವರು ಗುಲಾಮರಲ್ಲ, ಕೂಲಿ ಪಡೆದು ಸಂಜೆ ತಮ್ಮ ಮನೆಗೆ ಹೋಗುವವರು, ಎರಡೂ ಒಂದೇ ಅಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಇಮಾನಿ ಅದನ್ನು ಬರೆದುಕೊಂಡಳು. ಹಾಗಾದರೆ ಹೆಸರು ಕೇಳುವುದು ಸುಲಭ ಅಲ್ಲವೇ ಎಂದಳು. ಅತ್ತ ಫೋನಿನಲ್ಲಿ ವೀರಬಸಮ್ಮ, ಏನಂತ ಆ ಹುಡುಗಿ, ಏನಂತ ಎಂದು ಪೀಡಿಸುತ್ತಿದ್ದರು. ಸೊಸೆ ಹೇಳಿದಳು. ಮುದುಕಿಯ ದನಿ ಈ ಸಲ ಸಣ್ಣಗೆ ಬಂತು.

"ಒಬ್ಬಾಕಿ ನೆನಪದಾಳ. ಕೂಸಿನ್ನ ಬೆನ್ನಿಗೆ ಕಟ್ಟಿಕೊಂಡು ಬರತಿದ್ಲು. ಕೂಸಿಗೆ ನಾನು ಬೆಲ್ಲ ಕೊಡತಿದ್ದೆ. ಕೂಸಿನ ಹೆಸರು ಕೇಳಿದ್ದೆ ನೋಡು, ಆಕಿದು ಕೇಳಲಿಲ್ಲ."

ಗಂಟೆ ಹೊಡೆಯಿತು. ಮಕ್ಕಳು ಚೀಲ ಎತ್ತಿಕೊಂಡು ಹೊರಟರು. ಕ್ವಿನ್ ಅವರು ಎದ್ದು ಮುಂದೆ ಬಂದಾಗ ಚನ್ನಬಸಮ್ಮ ಬೈಸಿಕೊಳ್ಳಲು ಸಿದ್ಧವಾಗಿ ನಿಂತಳು. ಕೊನೆಯಲ್ಲಿ ಆ ಅಮ್ಮ ಹೇಳಿದ್ದನ್ನು ನೀವು ಅನುವಾದ ಮಾಡಲಿಲ್ಲ, ಏನದು ಎಂದು ಅವರು ಕೇಳಿದರು. ಅವಳು ಹೇಳಿದಳು. ಅವರು ತಮ್ಮ ಕಾಗದಗಳನ್ನು ಮಡಚಿಕೊಂಡರು. ನಾನು ಬೇಡವೆಂದ ಪಾಠವನ್ನೇ ಮಾಡಿದಿರಿ, ಅದನ್ನು ವರದಿಯಲ್ಲಿ ಬರೆಯಲೇಬೇಕಾಗುತ್ತದೆ ಎಂದರು. ಅವಳು ತಲೆಯಾಡಿಸಿದಳು. ಬಾಗಿಲವರೆಗೆ ಹೋದವರು ತಿರುಗಿ, ಮುಂದಿನ ವರ್ಷ ಇದನ್ನು ಜನವರಿಯಲ್ಲೇ ಇಟ್ಟುಕೊಳ್ಳಿ, ಮಾರ್ಚಿನಲ್ಲಿ ಪರೀಕ್ಷೆಯ ಗಲಾಟೆ ಎಂದು ಹೇಳಿ ಹೋದರು. ಮುಂದಿನ ವರ್ಷ ಎಂದರೆಂದು ಅವಳಿಗೆ ಹೊಳೆದದ್ದು ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆಗೆಯುವಾಗ. ಅಲ್ಲೇ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅವಳು ಒಬ್ಬಳೇ ನಕ್ಕಳು.

ಮನೆಗೆ ಬಂದು ಈ ಸುದ್ದಿ ಹೇಳಬೇಕೆಂದರೆ ಕೇಳಿಸಿಕೊಳ್ಳುವವರಿಗೆ ಪುರುಸೊತ್ತಿರಲಿಲ್ಲ. ಅಮರೇಶ್ವರ ಕಾಲಿಂಗ್ ಕಾರ್ಡು ಹಿಡಿದು ಸೋತ ಮುಖದಿಂದ ನಿಂತಿದ್ದ. ಊರಲ್ಲಿ ಈಗ ಎಲ್ಲರೂ ಮಲಗಿರುವ ಹೊತ್ತು ಎಂದರೂ ಅವನ ತಾಯಿ ಕೇಳಿರಲಿಲ್ಲ. ಅಣ್ಣಿಗೇರಿಯ ಮೈದುನನನ್ನು ಹಾಸಿಗೆಯಿಂದ ಎಬ್ಬಿಸಿ, ಅವನ ಹೆಂಡತಿಯನ್ನು ಎಬ್ಬಿಸಿ, ಹೊಲ ನೋಡಿಕೊಳ್ಳುವವನ ಮನೆಗೆ ಆಳು ಓಡಿಸಿದ್ದರು. ವೀರಬಸಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆ ಕಡೆಯಿಂದ ಯಾರೋ ಏನೋ ಹೇಳಿದರು. ಮುದುಕಿಗೆ ರೇಗಿತು.

"ಕೂಸಿಂದಲ್ಲೋ," ಎಂದರು, "ತಾಯಿ ಹೆಸರು ಕೇಳಾಕತ್ತೀನಿ."